ಕಲಾಯಿ ಹೋದ ತಪ್ಪಲೆ

ಹೊಂಗನೂರಿನ ಪಂಚಾಕ್ಷರಯ್ಯ ಹೆಂಡತಿಯನ್ನು ಹೊಡೆಯಲು ಕಾರಣ ಹುಡುಕುತ್ತ ಕೂರುವ ಗಂಡಸಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆಯುತ್ತಿದ್ದ. ಹದವಾಗಿದ್ದರೆ, ಇಷ್ಟು ದಿನ ಹೀಗೆ ಮಾಡಲು ನಿನಗೇನಾಗಿತ್ತು ಎಂದು ಹೊಡೆಯುತ್ತಿದ್ದ. ರೇಷ್ಮೆಹುಳು ಸಾಕುವ ಮನೆ. ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳು ಯಾವಾಗಲೂ ಮೂಲೆಯಲ್ಲಿ ರಾಶಿ ಬಿದ್ದಿರುತ್ತಿದ್ದವು, ಅವನಿಗೆ ಎದ್ದು ಹೋಗಿ ಕೋಲು ತರುವ ಕಷ್ಟವೂ ಇರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕಟ್ಟಿದವನು ಗಂಡಸೇ ಇರಬೇಕು. ಮಲಗಿದ ಮೇಲೆ ಮಗ್ಗುಲು ಬದಲಿಸಲಾಗದೆ ನರಳುವವಳನ್ನು ಅವನು ಒಂದು ಮಾತು ಕೇಳಿದ್ದರೆ ಗಾದೆ ಬೇರೆಯಾಗುತ್ತಿತ್ತು.

ಆ ನರಳುವವಳು ಗಿರಿಜಾಂಬ. ಬೆಳಗಾದ ಮೇಲೆ ಸಗಣಿ ಬಾಚುವ ನೆಪದಲ್ಲಿ ಅವಳು ಊರ ಕೊನೆಯ ಮಾಯಮ್ಮನ ಗುಡಿಸಲಿಗೆ ಹೋಗುತ್ತಿದ್ದಳು. ಮಾಯಮ್ಮ ಲಕ್ಕಿಸೊಪ್ಪನ್ನು ಹರಳೆಣ್ಣೆಯಲ್ಲಿ ಬಾಡಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಬಾಸುಂಡೆಯ ಮೇಲೆ ಶಾಖ ಕೊಡುತ್ತಿದ್ದಳು.

"ಬಾಗ್ಲು ತಗುಲ್ತು ಮಾಯವ್ವ" ಎನ್ನುತ್ತಿದ್ದಳು ಗಿರಿಜೆ.

"ಬಲು ಗಟ್ಟಿ ಬಾಗ್ಲು ಕಣವ್ವ ನಿಮ್ಮನೇದು" ಎನ್ನುತ್ತಿದ್ದಳು ಮಾಯಮ್ಮ. ಅದಕ್ಕಿಂತ ಹೆಚ್ಚಿಗೆ ಏನೂ ಕೇಳುತ್ತಿರಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂದವನು ಯಾವ ಊರಿನವನೋ, ಹೊಂಗನೂರಿನವನಂತೂ ಅಲ್ಲ. ಅಲ್ಲಿ ಹಸುಗೂಸಿನ ಹೊಟ್ಟೆನೋವಿಗೆ ಬಜೆ ತೇಯ್ದು ನೆಕ್ಕಿಸುವವಳು ಮಾಯಮ್ಮ, ಕಾಮಾಲೆಗೆ ನೆಲನೆಲ್ಲಿ ಅರೆದು ಕೊಡುವವಳು ಮಾಯಮ್ಮ, ತಲೆಶೂಲೆಗೆ ತುಂಬೆಸೊಪ್ಪು ಅಗಿದು ಕಿವಿಗೆ ರಸ ಹಿಂಡುವವಳೂ ಅವಳೇ. ಅವಳ ಕೈಗುಣ ದೊಡ್ಡದು. ಜಾತಿ ಮಾತ್ರ ಚಿಕ್ಕದೆಂದು ಊರು ತೀರ್ಮಾನಿಸಿತ್ತು. ಹಾಗಾಗಿ ಲಿಂಗವಂತರ ಮನೆಗೆ ಅವಳು ಬೇಯಿಸಿದ್ದನ್ನು ಕೊಡುತ್ತಿರಲಿಲ್ಲ. ಸೊಪ್ಪು, ಬೇರು, ಸಿಪ್ಪೆ ಕೊಟ್ಟು ಕಾಯಿಸುವ ಬಗೆ ಹೇಳಿ ಕಳಿಸುತ್ತಿದ್ದಳು. ಕಷಾಯ ಕಾಯುತ್ತಿದ್ದುದು ಕುಡಿಯುವವರ ಮನೆಯ ಒಲೆಯ ಮೇಲೆ.

ಅದು ಪ್ಲೇಗಿನ ವರ್ಷ. ಹೊರಗಿನವರು ಒಳಗೆ ಬರದಂತೆ ಊರಬಾಗಿಲಿಗೆ ಮುಳ್ಳುಬೇಲಿ ಎಳೆದಿದ್ದರು. ಪ್ಲೇಗು ಹೊಂಗನೂರಿಗೆ ಬರಲಿಲ್ಲ. ವರ್ಷವರ್ಷವೂ ಪಾತ್ರೆಗಳಿಗೆ ಕಲಾಯಿ ಹಾಕಲು ಚನ್ನಪಟ್ಟಣದಿಂದ ತಿದಿ ಹೊತ್ತು ಬರುತ್ತಿದ್ದ ಗೌಸ್ ಸಾಹೇಬನೂ ಬರಲಿಲ್ಲ. ಊರಿನ ತಾಮ್ರ ಹಿತ್ತಾಳೆಗಳ ಒಳಮೈಯಿಂದ ತವರದ ಬಿಳುಪು ಸವೆಯುತ್ತ ಬಂತು, ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ.

ಹೀಗಿರುವಾಗ ಪಂಚಾಕ್ಷರಯ್ಯನಿಗೆ ಆಮಶಂಕೆ ಹಿಡಿಯಿತು. ಮಾಯಮ್ಮ ಒಣಗಿದ ದಾಳಿಂಬೆ ಸಿಪ್ಪೆಯನ್ನು ಗಿರಿಜೆಯ ಸೆರಗಿಗೆ ಹಾಕಿದಳು.

"ಉಳಿ ಮಜ್ಜಿಗೇಲಿ ಒಸಿ ಒತ್ತು ಕುದೀಲಿ. ಮಣ್ಣಿನ ಕುಡಿಕೇಲೇ ಕಾಯ್ಸು ನನ್ನವ್ವ, ತಾಮ್ರ ಇತ್ತಾಳೆ ಮುಟ್ಟಬ್ಯಾಡ."

ಗಿರಿಜೆ ಕುಡಿಕೆ ತೊಳೆದು ಒಲೆಯ ಮೇಲಿಟ್ಟಳು. ಅತ್ತೆ ಸುಂದರಮ್ಮ ಅದನ್ನು ಕಾಲಿನಿಂದ ಒದ್ದಳು. ಕುಡಿಕೆ ಗೋಡೆಗೆ ಬಡಿದು ಚೂರಾಯಿತು.

"ಮಡಕೇಲಿ ಕಾಯ್ಸಿ ಕುಡ್ಸಕ್ಕೆ ನನ್ ಮಗ ಏನ್ ಬಿಕ್ನಾಸಿನಾ? ಮಾಗಡಿಯಿಂದ ನನ್ ತವರೋರು ಕೊಟ್ಟ ತಾಮ್ರದ ತಪ್ಪಲೆ ಏನಕ್ಕೈತೆ?"

"ಅದ್ರ ಕಲಾಯಿ ಹೋಗೈತೆ ಅತ್ತೆವ್ರೆ. ಹುಳಿ ಬಿದ್ರೆ ಕಿಲುಬು ಬುಡ್ತೈತೆ."

ಸುಂದರಮ್ಮ ಒಲೆಯಿಂದ ಕೊಳ್ಳಿಯೊಂದನ್ನು ಎಳೆದು ಸೊಸೆಯ ಮೊಣಕೈಗೆ ಒತ್ತಿದಳು. ಚರ್ಮ ಸುಟ್ಟ ವಾಸನೆ ಬರುವ ತನಕ ತೆಗೆಯಲಿಲ್ಲ. "ನನ್ ತವರಿನ ಪಾತ್ರೆಗೆ ಹೆಸರಿಡಕ್ಕೆ ನೀನ್ಯಾರೆ?"

ಗಿರಿಜೆ ತಪ್ಪಲೆಯಲ್ಲೇ ಕಾಯಿಸಿದಳು. ಕಷಾಯ ಹಗಲೆಲ್ಲ, ಇರುಳೆಲ್ಲ ಅದರಲ್ಲೇ ನಿಂತಿತು. ಬೆಳಗ್ಗೆ ಮುಚ್ಚಳ ತೆಗೆದಾಗ ಕಂಠದ ಸುತ್ತ ಹಸಿರು ಕಟ್ಟಿತ್ತು. ಅವಳು ಅದನ್ನು ನೋಡಿದಳು. ನೀರು ತುಂಬಿಕೊಂಡ ತನ್ನ ಮೊಣಕೈಯ ಬೊಬ್ಬೆಯನ್ನೂ ನೋಡಿದಳು. ಲೋಟಕ್ಕೆ ಬಗ್ಗಿಸಿ ಗಂಡನಿಗೆ ಕೊಟ್ಟಳು. ದಾಳಿಂಬೆ ಸಿಪ್ಪೆಯ ಒಗರು ಎಂಥ ರುಚಿಯನ್ನಾದರೂ ಮುಚ್ಚುತ್ತದೆ. ಅವನು ಮುಖ ಕಿವುಚಿ ಕುಡಿದ.

ಆಮೇಲೆ ವಾಂತಿ ಶುರುವಾಯಿತು. ವಾಂತಿಯಾದಷ್ಟೂ ಸುಂದರಮ್ಮ "ಇನ್ನೊಸಿ ಕಷಾಯ ಕೊಡು" ಎಂದಳು. ಗಿರಿಜೆ ಕೊಟ್ಟಳು. ಪಂಚಾಕ್ಷರಯ್ಯ ಚಾಪೆ ಹಿಡಿದ. ಅವನ ಕೈ ನೊಣ ಓಡಿಸುವಷ್ಟೂ ಮೇಲೇಳದಾಯಿತು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಗಿರಿಜೆ ಕಣ್ತುಂಬ ನಿದ್ದೆ ಮಾಡಿದಳು. ಅವನು ಸಾಯಲಿ ಎಂದು ಅವಳು ಅಂದುಕೊಳ್ಳಲಿಲ್ಲ. ಏಳದಿರಲಿ ಎಂದುಕೊಂಡಳು. ಈ ಎರಡರ ನಡುವೆ ಎಷ್ಟು ದೂರವಿದೆ ಎಂದು ಅಳೆಯುವ ಮನಸ್ಸು ಅವಳಿಗಿರಲಿಲ್ಲ, ಅಳೆಯಲೂ ಇಲ್ಲ.

ಅಳೆಯಬೇಕಾಗಿ ಬಂದದ್ದು ಮೈದುನ ವೃಷಭೇಂದ್ರಪ್ಪನಿಂದ. ಅಣ್ಣನಿಗಿಂತ ಎರಡರಷ್ಟು ಮೈ, ಅರ್ಧದಷ್ಟು ಬುದ್ಧಿ. ಅವನು ಕೋಡಿಹಳ್ಳಿ ಕಡೆಯಿಂದ ಬೋರಲಿಂಗಯ್ಯನೆಂಬ ಕೈಮದ್ದು ಕೀಳುವವನನ್ನು ಮುಳ್ಳುಬೇಲಿ ಸರಿಸಿ ಕರೆತಂದ. ಅನ್ನದಲ್ಲೋ ಕಷಾಯದಲ್ಲೋ ಹೆಂಗಸರು ಗುಟ್ಟಾಗಿ ಇಟ್ಟ ವಿಷವೇ ಕೈಮದ್ದು. ಅದು ಹೊಟ್ಟೆಯಲ್ಲಿ ಬೇರು ಬಿಟ್ಟು ಗಂಡಸರನ್ನು ಒಣಗಿಸುತ್ತದೆಂದು ಎಲ್ಲರೂ ನಂಬಿದ್ದರು. ಬೋರಲಿಂಗಯ್ಯ ಉಪ್ಪುನೀರು ಕುಡಿಸಿ ರೋಗಿಯ ಹೊಟ್ಟೆಯನ್ನು ಮೊಣಕಾಲಿನಿಂದ ಅಮುಕಿದ. ಹಸಿರು ವಾಂತಿ ಬಂತು.

"ಹಸ್ರು ಕಂಡ್ರಾ? ಇದೇಯ. ಮನೆಗೆ ಸೊಪ್ಪು ಸದೆ ಕೊಟ್ಟೋಳು ಯಾವಳು?"

"ಮಾಯಿ" ಎಂದಳು ಸುಂದರಮ್ಮ.

"ಅವಳ ಮುಂದಿನ ಹಲ್ಲು ಉದುರಿಸ್ಬೇಕು. ಹಲ್ಲು ಬಿದ್ರೆ ಅವಳ ಇದ್ಯೆ ಬೀಳ್ತೈತೆ, ಅಯ್ಯನೋರು ಎದ್ದು ಕೂರ್ತಾರೆ."

ವೃಷಭೇಂದ್ರಪ್ಪ ಬಾಗಿಲಲ್ಲಿದ್ದ ಗಿರಿಜೆಯ ಕಡೆಗೆ ತಿರುಗಿದ. "ಅತ್ತಿಗೆ, ಅವಳ ಗುಡಿಸ್ಲಿಗೆ ಹೋಗಿ ಬರೋರು ನೀವೇ ಅಲ್ವಾ? ಇದ್ರಲ್ಲಿ ನಿಮ್ದೂ ಏನಾರ ಐತಾ?"

ಹೌದೆಂದರೆ ಸಾವು. ತಪ್ಪಲೆಯ ಮಾತೆತ್ತಿದರೆ, ಕಿಲುಬು ಗೊತ್ತಿದ್ದೂ ಯಾಕೆ ಕೊಟ್ಟೆ ಎಂಬ ಪ್ರಶ್ನೆ. ಗಿರಿಜೆ ಇಲ್ಲವೆಂದು ತಲೆಯಲ್ಲಾಡಿಸಿ ಸುಮ್ಮನಾದಳು. ಆ ಮೌನಕ್ಕೆ ಅವಳು ತನ್ನನ್ನು ತಾನು ಯಾವತ್ತೂ ಮನ್ನಿಸಿಕೊಳ್ಳಲಿಲ್ಲ, ಮನ್ನಿಸಬೇಕಾದದ್ದೂ ಅಲ್ಲ.

ಮಾಯಮ್ಮನನ್ನು ಜುಟ್ಟು ಹಿಡಿದು ಬೀದಿಯುದ್ದಕ್ಕೂ ಎಳೆದು ತಂದರು. ಮೊಣಕಾಲು ತರಚಿ ಮಣ್ಣಿನಲ್ಲಿ ಕೆಂಪು ಗೆರೆ ಬಿತ್ತು. ಮನೆಯ ಮುಂದೆ ನಿಲ್ಲಿಸಿದ್ದ ಗಾಡಿಯ ಚಕ್ರಕ್ಕೆ ಅವಳ ಎರಡು ಕೈಯನ್ನೂ ಕಟ್ಟಿ ವೃಷಭೇಂದ್ರಪ್ಪ ಹುಣಸೆ ಬರಲಿನಿಂದ ಬಾರಿಸಿದ. ಬರಲು ಮುರಿದಾಗ ಯಾರೋ ಇನ್ನೊಂದು ತಂದುಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಊರು. ಬರೆ ಬೀಳುವುದನ್ನು ನೋಡಲು ಎಲ್ಲರೂ ನೆರೆದಿದ್ದರು. ಆ ಎಲ್ಲರಲ್ಲಿ ಅವಳು ತೇಯ್ದ ಬಜೆ ನೆಕ್ಕದ ಬಾಯಿ ಒಂದೂ ಇರಲಿಲ್ಲ.

"ನಾ ಕೊಟ್ಟಿದ್ದು ದಾಳಿಂಬೆ ಸಿಪ್ಪೆ ಕಣಪ್ಪ" ಎಂದಳು ಮಾಯಮ್ಮ, ಉಸಿರು ಸಿಕ್ಕಾಗ. "ನೀನು ಕೂಸಾಗಿದ್ದಾಗ ನಿನ್ ಜೀವ ಉಳ್ಸಿದ್ದೂ ಈ ಕೈಯೇಯ."

ವೃಷಭೇಂದ್ರಪ್ಪ ಅವಳ ಗುಡಿಸಲಿನಿಂದ ಎತ್ತಿಕೊಂಡು ಬಂದಿದ್ದ ಕುಟ್ಟಾಣಿಯ ಕಲ್ಲನ್ನು ಕೈಗೆ ತೆಗೆದುಕೊಂಡ. ಊರಿಗೆಲ್ಲ ಶುಂಠಿ ಮೆಣಸು ಕುಟ್ಟಿದ ಕಲ್ಲು. ಎಡಗೈಯಿಂದ ಅವಳ ಗದ್ದ ಹಿಡಿದೆತ್ತಿ ಬಾಯಿಗೆ ಜಜ್ಜಿದ. ಹಲ್ಲು ಮುರಿದ ಸದ್ದು ಬಾಗಿಲ ತನಕ ಕೇಳಿತು. ನೆರೆದವರಲ್ಲಿ ಒಬ್ಬಳು ಮಗುವಿನ ಕಣ್ಣು ಮುಚ್ಚಿದಳು, ತನ್ನದನ್ನು ಮುಚ್ಚಿಕೊಳ್ಳಲಿಲ್ಲ.

ಮಾಯಮ್ಮ ರಕ್ತ ಉಗುಳಿ ತಲೆಯೆತ್ತಿದಳು. ಅವಳ ಕಣ್ಣು ಗಿರಿಜೆಯನ್ನು ಹುಡುಕಿ ಹಿಡಿಯಿತು. ಕಾಪಾಡು ಎಂದಿದ್ದರೆ ಗಿರಿಜೆ ಬಹುಶಃ ಒಳಗೆ ಓಡಿಬಿಡುತ್ತಿದ್ದಳು. ಮಾಯಮ್ಮ ಹಾಗೆನ್ನಲಿಲ್ಲ. ಔಷಧಿ ಕೊಟ್ಟವಳು ಕೇಳುವುದನ್ನು ಕೇಳಿದಳು.

"ಗಿರಿಜವ್ವ, ಮಡಕೇಲಿ ತಾನೆ ಕಾಯ್ಸಿದ್ದು?"

ಆ ಮಾತಿನ ಅರ್ಥ ಅಲ್ಲಿ ಇಬ್ಬರಿಗೆ ಮಾತ್ರ ತಿಳಿಯಿತು. ಅವರಲ್ಲೊಬ್ಬಳಾದ ಸುಂದರಮ್ಮ ಜಗಲಿಯಿಂದಲೇ ಹೇಳಿದಳು: "ಅವಳ ಮಾತ್ಗೆ ಕಿವಿ ಕೊಡಬ್ಯಾಡ ಕಣ್ಲಾ. ಇನ್ನೊಂದು ಐತೆ, ಉದುರ್ಸು."

ಕಲ್ಲು ಮತ್ತೆ ಬಿತ್ತು.

ಗಿರಿಜೆ ಒಳಗೆ ಹೋದಳು. ಅಡಿಗೆಮನೆಯಲ್ಲಿ ತಪ್ಪಲೆ ಇದ್ದ ಜಾಗದಲ್ಲೇ ಇತ್ತು, ಅರ್ಧದಷ್ಟು ಕಷಾಯ ಉಳಿದಿತ್ತು. ಅದನ್ನೆತ್ತಿಕೊಂಡು ಹೊರಗೆ ಬಂದು, ಗಾಡಿಗೂ ಮೈದುನನಿಗೂ ನಡುವೆ ನಿಂತಳು.

"ಇದನ್ನ ಕಾಯ್ಸಿದ್ದು ನಾನು. ಮಾಯವ್ವ ಮಡಕೇಲಿ ಅಂದ್ಲು, ನಾವು ಇದ್ರಲ್ಲಿ ಕಾಯ್ಸಿದ್ವಿ. ಕಲಾಯಿ ಹೋಗೈತೆ. ಕಿಲುಬು ಹೆಂಗೈತೆ, ನೀವೇ ನೋಡಿ."

ಅಂಗೈ ಬೀಸಿ ಬಂತು. ಗಿರಿಜೆಯ ಕಿವಿಯೊಳಗೆ ಗುಂಯ್ ಎಂದಿತು, ತುಟಿ ಸೀಳಿತು. "ಇಬ್ರೂ ಸೇರ್ಕೊಂಡು ನಮ್ಮಣ್ಣನ್ನ ಮುಗ್ಸಕ್ಕೆ ಹೊಂಟಿದ್ರಾ?" ಎಂದು ವೃಷಭೇಂದ್ರಪ್ಪ ಕಲ್ಲೆತ್ತಿದ.

ಅವಳು ತಪ್ಪಲೆಯನ್ನು ಮಾತ್ರ ಬಿಡಲಿಲ್ಲ. ಒಡೆದ ತುಟಿಗೆ ಅದರ ಕಂಠ ಹಚ್ಚಿ ಎತ್ತಿದಳು. ಗಟಗಟನೆ ಕುಡಿದಳು, ಗದ್ದದಿಂದ, ಕುತ್ತಿಗೆಯಿಂದ ಹಸಿರು ಇಳಿಯಿತು, ತಳದ ಚರಟದ ತನಕ ಕುಡಿದಳು. ಎತ್ತಿದ ಕಲ್ಲು ಎತ್ತಿದಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಅವಳ ಹೊಟ್ಟೆಯನ್ನು ಯಾರೋ ಒಳಗಿನಿಂದ ಹಿಂಡಿದಂತಾಯಿತು. ಅವಳು ಮಂಡಿಯೂರಿ ಬೋರಲಿಂಗಯ್ಯನ ಪಾದದ ಮೇಲೆ ವಾಂತಿ ಮಾಡಿದಳು. ಅದೇ ಹಸಿರು.

ಅವಳು ಸೆರಗಿನಿಂದ ಬಾಯೊರೆಸಿ ತಲೆಯೆತ್ತಿದಳು. "ನಂಗೆ ಯಾರು ಕೈಮದ್ದು ಹಾಕಿದ್ರು? ಹೇಳಿ ಸ್ವಾಮಿ. ನನ್ ಹಲ್ಲು ನಾನೇ ಉದುರಿಸ್ಕೊಬೇಕಾ?"

ಬೋರಲಿಂಗಯ್ಯ ಪಾದ ಒರೆಸಿಕೊಳ್ಳಲೂ ನಿಲ್ಲದೆ ಮುಳ್ಳುಬೇಲಿಯ ಕಡೆ ಹೊರಟ. ಮಗುವಿನ ಕಣ್ಣು ಮುಚ್ಚಿದ್ದ ಹೆಂಗಸು ಮುಂದೆ ಬಂದು ಚಕ್ರದ ಹಗ್ಗ ಬಿಚ್ಚಿದಳು. ವೃಷಭೇಂದ್ರಪ್ಪನ ಕೈಯಿಂದ ಕಲ್ಲು ಜಾರಿ ಅವನ ಕಾಲಿನ ಮೇಲೆಯೇ ಬಿತ್ತು. ಬೆರಳು ಒಡೆದು ಅವನು ಹೋರಿಯಂತೆ ಕೂಗಿದ. ಅದಕ್ಕೆ ಮರುಗಿದವರು ಯಾರೂ ಇಲ್ಲ, ನಾನೂ ಮರುಗಲಾರೆ.

ಗಂಡ ಹೆಂಡತಿ ಇಬ್ಬರನ್ನೂ ಉಳಿಸಿದವಳು ಮಾಯಮ್ಮನೇ. ಬಾಯಿ ಊದಿ ಕುಂಬಳಕಾಯಿಯಾಗಿದ್ದರೂ ಬಂದಳು. ಸುಂದರಮ್ಮ ದಾರಿ ಬಿಟ್ಟಳು. ಎಳನೀರು, ಮಡಕೆಯಲ್ಲಿ ಬೇಯಿಸಿದ ಅಕ್ಕಿಗಂಜಿ, ಬಿಸಿನೀರಿಗೆ ಚಿಟಿಕೆ ಓಮ. ಇಷ್ಟರಲ್ಲೇ ಗಿರಿಜೆ ಚೇತರಿಸಿಕೊಂಡಳು. ಪಂಚಾಕ್ಷರಯ್ಯ ತಡವಾಗಿ ಎದ್ದ, ತಪ್ಪಲೆಯ ಕಥೆಯನ್ನು ಊರವರ ಬಾಯಿಂದ ಕೇಳಿದ.

ಒಂದು ಮಧ್ಯಾಹ್ನ ಸಾಣೆಕಲ್ಲಿನ ಮೇಲೆ ಜಾಯಿಕಾಯಿ ತೇಯುತ್ತ ಮಾಯಮ್ಮ ಕೇಳಿದಳು. ಹಲ್ಲಿಲ್ಲದ ಬಾಯಿಂದ ಮಾತು ಗಾಳಿಯಾಗಿ ಬರುತ್ತಿತ್ತು.

"ಕಿಲುಬು ಕಂಡಿದ್ದೇನವ್ವ ನೀನು?"

"ಕಂಡಿದ್ದೆ."

"ಯಾವಾಗ?"

"ಮೊದ್ಲೇ."

ತೇಯುವ ಕೈ ನಿಂತಿತು. ಮಾಯಮ್ಮ "ಅಂಗಾರೆ ನನ್ನಲ್ಲು ನೀನೇ ಕಿತ್ತಂಗಾಯ್ತಲ್ಲವ್ವ" ಎಂದಳು. ಗಿರಿಜೆ ಅವಳ ಕಾಲಿಗೆ ಬಿದ್ದು ಬಿಕ್ಕಿದಳು. ಪರವಾಗಿಲ್ಲ ಬಿಡು ಎಂದು ಮಾಯಮ್ಮ ಹೇಳಲಿಲ್ಲ. ಕೈ ಮತ್ತೆ ತೇಯತೊಡಗಿತು. ಅಂದಿನಿಂದ ಯಾರಿಗಾದರೂ ತಲೆಶೂಲೆ ಬಂದರೆ ತುಂಬೆಸೊಪ್ಪು ಅಗಿಯುವವಳು ಗಿರಿಜೆ. ಅಗಿದು ಮಾಯಮ್ಮನ ಅಂಗೈಗೆ ಹಾಕುತ್ತಿದ್ದಳು, ಹಿಂಡುವವಳು ಮಾಯಮ್ಮ. ಜಾತಿಯ ಮಾತೆತ್ತಿದವರಿಗೆ ತಲೆನೋವು ತಾನಾಗಿ ವಾಸಿಯಾಗಲೆಂದು ಇಬ್ಬರೂ ಬಿಟ್ಟುಬಿಡುತ್ತಿದ್ದರು.

ಬೇಲಿ ತೆಗೆದ ಮೇಲೆ ಗೌಸ್ ಸಾಹೇಬ ಬಂದು ಹೊಂಗೆಮರದಡಿ ತಿದಿ ಹೂಡಿದ. ಊರಿನ ಪಾತ್ರೆಗಳೆಲ್ಲ ಬೆಳ್ಳಗಾದವು. ಸುಂದರಮ್ಮ ತನ್ನ ತವರಿನ ತಪ್ಪಲೆಯನ್ನು ಎಲ್ಲರಿಗಿಂತ ಮೊದಲು ಕಳಿಸಬೇಕೆಂದಿದ್ದಳು. ಗಿರಿಜೆ ಅದನ್ನು ಸಾಲಿನಿಂದ ತೆಗೆದು ಕಂಕುಳಿಗೆ ಇಟ್ಟುಕೊಂಡಳು.

"ಇದೊಂದು ಬ್ಯಾಡ ಗೌಸಣ್ಣ."

"ಇದ್ರಲ್ಲಿ ಹುಳಿ ಬೀಳಂಗಿಲ್ಲ ತಾಯಿ, ಆಳು ಹೋಗ್ಬುಡ್ತಾನೆ."

"ಗೊತ್ತು" ಎಂದಳು ಗಿರಿಜೆ.

ಆ ತಪ್ಪಲೆಯನ್ನು ಅವಳು ಗಂಡ ಊಟಕ್ಕೆ ಕೂರುವ ಜಾಗಕ್ಕೆ ಎದುರಾಗಿ, ಅಡಿಗೆಮನೆಯ ಗೂಡಿನಲ್ಲಿಟ್ಟಳು. ಒಳಮೈ ಅವನಿಗೆ ಕಾಣುವಂತೆ ಓರೆಯಾಗಿ ಇಟ್ಟಳು.

ಪಂಚಾಕ್ಷರಯ್ಯನ ಮೈಗೆ ರಕ್ತ ತುಂಬಿತು, ಹಳೆಯ ಚಾಳಿಯೂ ತುಂಬಿತು. ಒಂದು ದಿನ ಮುದ್ದೆ ಗಟ್ಟಿಯಾಯಿತೆಂದು ತಟ್ಟೆಯನ್ನು ಗೋಡೆಗೆ ಎಸೆದು, ಮೂಲೆಯಿಂದ ಹಿಪ್ಪುನೇರಳೆ ಕಡ್ಡಿ ಎಳೆದುಕೊಂಡು ಎದ್ದ. ಗಿರಿಜೆ ಹಿಂದೆ ಸರಿಯಲಿಲ್ಲ. ಚೆಲ್ಲಿದ ಸಾರನ್ನು ಬಳಿದಳು, ತಟ್ಟೆ ತೊಳೆದು ಮತ್ತೆ ಅವನ ಮುಂದಿಟ್ಟಳು, ಹೊಸ ಮುದ್ದೆ ಹಾಕಿದಳು. ಆಮೇಲೆ ಗೂಡಿನಿಂದ ತಪ್ಪಲೆ ಇಳಿಸಿ ಒಲೆಯ ಪಕ್ಕಕ್ಕಿಟ್ಟು ಅವನ ಮುಖ ನೋಡಿದಳು.

"ಮಜ್ಜಿಗೆ ಬಿಡ್ಲಾ?"

ಕಡ್ಡಿ ಹಿಡಿದ ಕೈ ನಿಧಾನವಾಗಿ ಕೆಳಗಿಳಿಯಿತು. ಬಾಗಿಲಲ್ಲಿ ನಿಂತಿದ್ದ ಸುಂದರಮ್ಮ ಮಗನನ್ನೂ ನೋಡಲಿಲ್ಲ, ಸೊಸೆಯನ್ನೂ ನೋಡಲಿಲ್ಲ. ಪಂಚಾಕ್ಷರಯ್ಯ ಕುಳಿತು ಮುದ್ದೆ ಮುರಿದ.

"ಬ್ಯಾಡ" ಎಂದ.