ರಾಣಿಯ ರಸ್ತೆ

ಕೆಥೋಲಿಕರ ಇಗರ್ಜಿಯ ಗೇಟು ಬಂದಾಗ ಐವನ್ ಬೋರ್ಲಂಡ್ ನಿಂತುಬಿಟ್ಟ. ಮಗಳ ಶವಪೆಟ್ಟಿಗೆಯ ಒಂದು ಮೂಲೆ ಅವನ ಹೆಗಲ ಮೇಲಿದ್ದದ್ದರಿಂದ ಉಳಿದವರೂ ನಿಲ್ಲಲೇಬೇಕಾಯಿತು. ಅಳಿಯ ಫಿಂಟನ್‌ನ ತಮ್ಮ ಹಿಂದಿನಿಂದ ಬಂದು ತನ್ನ ಹೆಗಲು ಕೊಟ್ಟ. ಐವನ್ ತಲೆ ತಗ್ಗಿಸಿ ಪಕ್ಕಕ್ಕೆ ಸರಿದ.

ಆ ಊರಿಗೆ ಇದೇನೂ ಹೊಸದಲ್ಲ. ನೆರೆಯ ಕೆಥೋಲಿಕರಲ್ಲಿ ಯಾರಾದರೂ ಸತ್ತರೆ ಐವನ್‌ನಂಥ ಆರೆಂಜ್ ಸಂಘದ ಪ್ರೊಟೆಸ್ಟಂಟರು ಗೇಟಿನ ತನಕ ಹೆಗಲು ಕೊಡುತ್ತಾರೆ, ಪೂಜೆ ಮುಗಿಯುವ ತನಕ ಟೋಪಿ ಕೈಯಲ್ಲಿ ಹಿಡಿದು ರಸ್ತೆಯಲ್ಲಿ ನಿಲ್ಲುತ್ತಾರೆ. ರೋಮಿನ ಪೂಜೆಯಲ್ಲಿ ಪಾಲುಗೊಳ್ಳುವುದಿಲ್ಲವೆಂದು ಸಂಘಕ್ಕೆ ಸೇರಿದ ದಿನವೇ ಮಾತು ಕೊಟ್ಟಿರುತ್ತಾರೆ. ಆದರೆ ಹೆತ್ತ ಮಗಳ ಹೆಣ ಹೊತ್ತು ಬಂದು ಹೀಗೆ ಗೇಟಿನಲ್ಲೇ ನಿಂತ ತಂದೆಯನ್ನು ಉತ್ತರ ಐರ್ಲೆಂಡಿನ ಟೈರೋನ್ ಸೀಮೆಯ ಆ ಮೂಲೆಯಲ್ಲಿ ಯಾರೂ ಕಂಡಿರಲಿಲ್ಲ.

"ಮಾವ, ಒಳಗೆ ಬನ್ನಿ. ಅತ್ತೆ ಪಕ್ಕದಲ್ಲಿ ಜಾಗ ಹಿಡಿದಿಟ್ಟಿದ್ದೀನಿ," ಎಂದ ಫಿಂಟನ್. ಅತ್ತು ಅತ್ತು ಅವನ ಮುಖ ಊದಿಕೊಂಡಿತ್ತು.

"ನಾವು ಮಾತಾಡ್ಕೊಂಡಾಗಿದೆಯಲ್ಲಪ್ಪ. ಬಾಗಿಲು ತೆಗೆದಿಡು. ಹೊತ್ತು ಬಂದಾಗ ಒಂದು ಸನ್ನೆ ಮಾಡು, ಸಾಕು."

ಫಿಂಟನ್ ತಲೆಯಾಡಿಸಿ ಹೋದ. ಐವನ್‌ನ ಹೆಂಡತಿ ಮರ್ಟಲ್ ಕೈಚೀಲವನ್ನು ಎದೆಗವಚಿಕೊಂಡು ಗಂಡನ ಮುಂದೆಯೇ ಹಾದು ಒಳಗೆ ನಡೆದಳು. ಹುಟ್ಟಿದಾರಭ್ಯ ಅವಳೂ ಆ ಹೊಸ್ತಿಲು ತುಳಿದವಳಲ್ಲ.

ಮಗಳು ರೊಬರ್ಟಾ ಆಸ್ಪತ್ರೆಯಲ್ಲಿ ಕೇಳಿದ್ದು ಒಂದೇ ಒಂದು. ಮನೆಯಲ್ಲಿ ಹಾಡುತ್ತಿದ್ದ, ದೇವರನ್ನು ಕುರುಬನೆಂದು ಕರೆಯುವ ಬೈಬಲಿನ ಕೀರ್ತನೆಯನ್ನು ತನ್ನ ಪೆಟ್ಟಿಗೆಯ ಮುಂದೆ ಹಾಡಬೇಕು, ಅದನ್ನು ಅಪ್ಪನೇ ಎತ್ತಿಕೊಡಬೇಕು. ಐವನ್ ತಮ್ಮ ಚರ್ಚಿನಲ್ಲೂ ಸಂಘದಲ್ಲೂ ಕೀರ್ತನೆ ಎತ್ತಿಕೊಡುವ ಹಾಡುಗಾರ. ಅವನು ಶ್ರುತಿ ಹಿಡಿಯದೆ ಅಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಮಗಳು ಕೆಥೋಲಿಕನನ್ನು ಕಟ್ಟಿಕೊಂಡಾಗ ಅವನು ಮದುವೆಗೆ ಹೋಗಲಿಲ್ಲ. ಆದರೆ ಸಾಯುವವಳಿಗೆ ಆಗಲಿ ಎಂದುಬಿಟ್ಟ. ಆಮೇಲೆ ತಲೆ ಕೆಡಿಸಿಕೊಂಡು ಕೂತು ಒಂದು ದಾರಿ ಹುಡುಕಿದ. ಕಾಲು ಗೇಟು ದಾಟಬಾರದು, ಸರಿ. ರಸ್ತೆ ಇಂಗ್ಲೆಂಡಿನ ರಾಣಿಯದು, ಪಾದ್ರಿಯದಲ್ಲ, ಅಲ್ಲಿ ನಿಂತು ಹಾಡಿದರೆ ದನಿ ತಾನಾಗಿ ಒಳಗೆ ಹೋಗುತ್ತದೆ.

ಮರ್ಟಲ್‌ಗೆ ಇದನ್ನು ಹೇಳಿದಾಗ ಅವಳು ತಟ್ಟೆ ತೊಳೆಯುತ್ತಿದ್ದಳು. "ದೇವರ ಹತ್ರಾನೂ ವಕೀಲಿಕೆ ಮಾಡ್ತೀಯಲ್ಲ ನೀನು," ಎಂದಳು, ತಿರುಗಿಯೂ ನೋಡದೆ.

ಅವಳು ಏನೇ ಅನ್ನಲಿ, ಐವನ್‌ಗೆ ಕಳೆದುಕೊಳ್ಳಲು ಇದ್ದದ್ದು ತಾನು ಕೂರುತ್ತಿದ್ದ ಸಂಘದ ಅಧ್ಯಕ್ಷನ ಕುರ್ಚಿಯೊಂದೇ ಅಲ್ಲ. ಅವನ ತಮ್ಮ ಎಡ್ಗರ್ ರಾಣಿಯ ಸಮವಸ್ತ್ರ ತೊಟ್ಟ ತಪ್ಪಿಗೆ ಹಾಲು ಕರೆಯುವ ಕೊಟ್ಟಿಗೆಯಲ್ಲೇ ಕೆಥೋಲಿಕ್ ಬಂಡುಕೋರರ ಗುಂಡು ತಿಂದು ಸತ್ತವನು. ಸಂಘದ ಗೋಡೆಯ ಹಿತ್ತಾಳೆ ಫಲಕದಲ್ಲಿ ಅವನ ಹೆಸರಿದೆ. ಪ್ರತಿ ನವೆಂಬರಿನಲ್ಲಿ, ಸತ್ತ ಸೈನಿಕರ ಸ್ಮರಣೆಯ ದಿನ, ಆ ಹೆಸರುಗಳನ್ನು ಓದುವವನು ಐವನ್. ಎಡ್ಗರನ ಹೆಸರು ಬಂದಾಗ ಪ್ರತಿ ಸಲವೂ ಅವನು ಓದು ನಿಲ್ಲಿಸಿ ಫಲಕ ಮುಟ್ಟುತ್ತಿದ್ದ, ಎಲ್ಲರೂ ಕಾಯುತ್ತಿದ್ದರು. ಸಂಘದಿಂದ ಹೊರಬಿದ್ದವನಿಗೆ ಆ ಗೋಡೆಯ ಮುಂದೆ ನಿಲ್ಲುವ ಹಕ್ಕೂ ಇಲ್ಲ. ಅದು ಐವನ್‌ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಹಿಂದೊಮ್ಮೆ ನೋಯೆಲ್ ಕಿಲ್ಫೆಡರ್ ಎಂಬವನು ನೆರೆಯವನ ಹೆಣದ ಪೂಜೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬಂದಾಗ, ಸಭೆ ಸೇರಿಸಿ, ಕೈ ಎತ್ತಿಸಿ ಅವನನ್ನು ಹೊರಗೆ ಹಾಕಿದವನು ಇವನೇ.

ರಸ್ತೆಯ ಆಚೆ ಬದಿಯ ಗೋಡೆಗೆ ಒರಗಿ ಸಂಘದವರು ಕಪ್ಪು ಕೋಟಿನಲ್ಲಿ ಸಾಲಾಗಿ ನಿಂತಿದ್ದರು. ಕೆಲಸ ಬಿಟ್ಟು ಬಂದವರು, ಪಾಪ, ಅವನ ದುಃಖಕ್ಕೆ ಜೊತೆಯಾಗಲೆಂದೇ ಬಂದವರು. ಕಾರ್ಯದರ್ಶಿ ಕ್ಲಿಫರ್ಡ್ ನೆಸ್ಬಿಟ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ತಂದುಕೊಟ್ಟ. ಬೆಳಗಿನಿಂದ ಏನೂ ತಿನ್ನದ ಐವನ್ ಒಂದೇ ಗುಟುಕಿಗೆ ಕುಡಿದ.

"ಬಾಗಿಲು ಯಾಕೆ ಹಾಗೆ ತೆಗೆದಿಟ್ಟಿದ್ದಾರೆ, ಐವನಣ್ಣ? ಚಳಿ ಹೊಡೀತಿದೆ."

"ನಾನೇ ಹೇಳಿದ್ದು. ಕೀರ್ತನೆ ಎತ್ತಿಕೊಡಬೇಕು, ಹುಡುಗಿ ಕೇಳಿದ್ಲು. ಇಲ್ಲಿಂದಲೇ ಹಾಡ್ತೀನಿ."

ಕ್ಲಿಫರ್ಡ್ ಖಾಲಿ ಲೋಟವನ್ನು ಒರೆಸಿ ಫ್ಲಾಸ್ಕಿಗೆ ಮುಚ್ಚಿದ. ಅವನು ಕೆಟ್ಟವನಲ್ಲ. ರೊಬರ್ಟಾ ಹಾಸಿಗೆ ಹಿಡಿದಾಗ ವಾರಕ್ಕೊಮ್ಮೆ ಮೊಟ್ಟೆ ತಂದುಕೊಡುತ್ತಿದ್ದವನು.

"ನಿನ್ನ ದುಃಖಕ್ಕೆ ಅಡ್ಡ ಬರೋನಲ್ಲ ಅಣ್ಣ ನಾನು," ಎಂದ ಮೆಲ್ಲಗೆ. "ಆದ್ರೆ ಅವರ ಪೂಜೆ ನಡೀತಿರೋವಾಗ ನೀನು ಹಾಡು ಎತ್ತಿಕೊಟ್ರೆ ಅದು ಪಾಲುಗೊಂಡ ಹಾಗಲ್ವ? ನೋಯೆಲ್ ಅವತ್ತು ಬಾಯಿ ಕೂಡ ಬಿಟ್ಟಿರಲಿಲ್ಲ, ಸುಮ್ನೆ ಕೂತಿದ್ದ. ನಾಳೆ ಅವನು ಬಂದು ಕೇಳಿದ್ರೆ ನಾನು ಏನಂತ ಹೇಳಲಿ?"

"ನನ್ನ ಮಗಳು ಕಣೋ."

"ಗೊತ್ತು. ನವೆಂಬರಿನಲ್ಲಿ ಎಡ್ಗರನ ಹೆಸರನ್ನ ಬೇರೆ ಯಾರೋ ಓದೋದನ್ನ ನನ್ ಕೈಲಿ ನೋಡಕ್ಕಾಗಲ್ಲ, ಅಷ್ಟೇ."

ಅಷ್ಟರಲ್ಲಿ ಫಿಂಟನ್ ಬಾಗಿಲಿಗೆ ಬಂದು ಕೈ ಎತ್ತಿದ. ಒಳಗೆ ಎಲ್ಲವೂ ನಿಶ್ಶಬ್ದವಾಯಿತು. ಐವನ್ ಎದೆ ತುಂಬ ಉಸಿರೆಳೆದುಕೊಂಡ. ಎದುರಿನ ಸಾಲಿನಲ್ಲಿ ಒಬ್ಬೊಬ್ಬರೇ ತಮ್ಮ ಬೂಟು ನೋಡತೊಡಗಿದರು. ಒಬ್ಬನಾದರೂ ತಲೆಯೆತ್ತಿ ಹಾಡು ಎಂದಿದ್ದರೆ ಅವನು ಹಾಡಿಬಿಡುತ್ತಿದ್ದ. ಎಳೆದುಕೊಂಡ ಉಸಿರು ಬರೀ ಉಸಿರಾಗಿಯೇ ಹೊರಗೆ ಹೋಯಿತು. ಫಿಂಟನ್ ಇನ್ನೊಮ್ಮೆ ಕೈ ಎತ್ತಿದ. ಐವನ್ ಮುಖ ತಿರುಗಿಸಿಕೊಂಡ.

ಆಗ ಒಳಗಿನಿಂದ ಮರ್ಟಲ್‌ಳ ದನಿ ಬಂತು. ಒಂಟಿ ದನಿ, ಒಡಕು ದನಿ. ಅವಳಿಗೆ ಶ್ರುತಿ ಹಿಡಿಯುವುದು ಎಂದೂ ಬಂದದ್ದಲ್ಲ, ತೀರಾ ಎತ್ತರದಲ್ಲಿ ಶುರು ಮಾಡಿದ್ದಳು. ಇನ್ನು ಧಾಟಿ ಎತ್ತರಕ್ಕೆ ಹೋಗುವ ಮೂರನೆಯ ಸಾಲು ಏರಲು ಇವಳ ಕೈಲಾಗದು ಎಂದು ಐವನ್‌ಗೆ ಮೊದಲ ಸಾಲಿಗೇ ತಿಳಿಯಿತು. ಹಾಗೇ ಆಯಿತು. ಮೂರನೆಯ ಸಾಲಿನ ನಡುವೆ ದನಿ ಕಡಿಯಿತು. ಕೈಹಿಡಿದು ನಡೆಸೋಣವೆಂದರೆ ಒಳಗಿದ್ದ ಯಾರಿಗೂ ಆ ಧಾಟಿ ಗೊತ್ತಿರಲಿಲ್ಲ. ಯಾರೋ ಕೆಮ್ಮಿದರು. ಆಮೇಲೆ ಪಾದ್ರಿ ತನ್ನ ಪುಸ್ತಕದಿಂದ ಏನನ್ನೋ ಓದತೊಡಗಿದ.

ಫಿಂಟನ್ ಮಾವನನ್ನು ಸ್ವಲ್ಪ ಹೊತ್ತು ನೋಡಿದ. ನಂತರ ಎರಡೂ ಕದಗಳನ್ನು ಎಳೆದು ಮುಚ್ಚಿದ.

ಕ್ಲಿಫರ್ಡ್ ಐವನ್‌ನ ತೋಳು ಹಿಡಿದುಕೊಂಡ. ಅವನ ಕಣ್ಣುಗಳು ನಿಜಕ್ಕೂ ತುಂಬಿದ್ದವು. "ಈಗ ಹಾಡಣ್ಣ," ಎಂದ. "ಬಾಗಿಲು ಹಾಕಿದ್ರು. ಇನ್ನು ಇದು ಅವರ ಪೂಜೆಯಲ್ಲ, ನಮ್ಮ ಪಾಡಿಗೆ ನಾವು. ನಾವೂ ಸೇರ್ತೀವಿ."

ಐವನ್‌ನ ಬಾಯಿಂದ ದನಿ ಹೊರಡಲಿಲ್ಲ. ಕ್ಲಿಫರ್ಡನೇ ಸರಿಯಾದ ಶ್ರುತಿಯಲ್ಲಿ ಎತ್ತಿಕೊಂಡ. ಸಂಘದವರು ಗೋಡೆ ಬಿಟ್ಟು ಹತ್ತಿರ ಬಂದು ಅವನನ್ನು ಸುತ್ತುವರಿದು ನಿಂತರು. ಎರಡನೆಯ ಸಾಲಿಗೆ ಐವನ್‌ನ ತುಟಿಯೂ ಅಲುಗಿತು, ಅಭ್ಯಾಸ ಎಲ್ಲಿ ಹೋಗುತ್ತದೆ. ಮೂರನೆಯ ಸಾಲಿಗೆ ಎಲ್ಲರ ದನಿಯೂ ಸಲೀಸಾಗಿ ಏರಿತು.