ವ್ಯಾಖ್ಯೆಯೊಳಗೆ ಬಾರದ ಫಿರಾ

"ಇಷ್ಟುದ್ದ ಮೂಗು ಇಟ್ಕೊಂಡು ಸೂಪು ಸೀದಿದ್ದು ಗೊತ್ತಾಗ್ಲಿಲ್ವೇನೇ, ಯಹೂದಿ ಮುದುಕಿ?"

ಗ್ರಾಂಟ್ ಸೌಟಿನಿಂದ ಪಾತ್ರೆ ಕುಟ್ಟಿದ. ವಿನ್ನಿಪೆಗ್‌ನ ಆ ವಿಶ್ವವಿದ್ಯಾಲಯದ ಅಡುಗೆಮನೆಗೆ ಅವನೇ ಮೇಸ್ತ್ರಿ. ತಟ್ಟೆ ತೊಳೆಯುವವರು ಕಿಸಕ್ಕೆಂದರು. ಸೂಪಿನ ಮುಂದೆ ನಿಂತಿದ್ದ ಫಿರಾ ಅವರಿಗಿಂತ ಮೊದಲೇ ನಕ್ಕಿದ್ದಳು. ಬೈಸಿಕೊಂಡು ನಗುವ ಆ ವಿದ್ಯೆಯನ್ನು ಅವಳು ಸೋವಿಯತ್ ಕಾಲದ ಗೋಮೆಲ್‌ನಿಂದ ಗಂಟು ಕಟ್ಟಿ ತಂದಿದ್ದಳು. ತಂದ ಸಾಮಾನಿನಲ್ಲಿ ಇನ್ನೂ ಮುರಿಯದೆ ಉಳಿದದ್ದು ಅದೊಂದೇ. ಮೂಗಿನ ವಿಷಯದಲ್ಲಿ ಅವನದೂ ತಪ್ಪಿಲ್ಲ ಅನ್ನಿಸಿತು. ಇಷ್ಟು ದೊಡ್ಡದನ್ನು ಹೊತ್ತು ತಿರುಗಿದರೂ ವಾಸನೆ ಹಿಡಿಯಲಿಲ್ಲವಲ್ಲ.

"ಹಿಟ್ಲರನ ಒಲೆ ತಪ್ಪಿಸ್ಕೊಂಡ ಜಾತಿ," ಎಂದ ಗ್ರಾಂಟ್. "ಒಲೆ ಹತ್ರ ನಿಲ್ಲಕ್ಕೆ ಭಯ ಇರ್ಬೇಕು."

ಅವಳ ಅಜ್ಜಿಯದು ಒಲೆಯಲ್ಲ, ಗುಂಡಿ. ಹಿಟ್ಲರನ ಸೈನಿಕರು ಊರ ಹೊರಗೆ ಗುಂಡಿಯ ಅಂಚಿಗೆ ನಿಲ್ಲಿಸಿ ಗುಂಡು ಹೊಡೆದಿದ್ದರು. ತಿದ್ದೋಣವೆಂದು ಫಿರಾ ಬಾಯಿ ತೆರೆದಳು. ಆಮೇಲೆ ಮುಚ್ಚಿ, ಸೀದ ಪಾತ್ರೆಯನ್ನು ತೊಟ್ಟಿಗೆ ಇಳಿಸಿದಳು. ಈ ಸಲ ನಗಲಿಲ್ಲ.

ಮರುದಿನ ಇದ್ದೊಂದು ಒಳ್ಳೆಯ ಕೋಟು ಹಾಕಿಕೊಂಡು, ಮದುವೆಗೆ ಹೊರಟವಳ ಹಾಗೆ, ವಿಶ್ವವಿದ್ಯಾಲಯದ ಕಚೇರಿಗೆ ದೂರು ಕೊಡಲು ಹೋದಳು. ಕಚೇರಿಯ ತರುಣಿ ನೀರು ಕೊಟ್ಟು, ಕಣ್ಣು ಒದ್ದೆ ಮಾಡಿಕೊಂಡು ಕೇಳಿದಳು. ಯಹೂದಿದ್ವೇಷವೆಂದರೆ ಏನೆಂದು ವ್ಯಾಖ್ಯೆ ಬರೆಯಲು ಒಂದು ಸಮಿತಿಯಿದೆ, ಅದು ಇನ್ನೂ ತೀರ್ಮಾನಿಸಿಲ್ಲವಂತೆ. ತೀರ್ಮಾನವಾದರೂ ನಿಯಮ ಓದುವವರಿಗೆ, ಓದಿಸುವವರಿಗೆ ಮಾತ್ರ. ಅಡುಗೆಮನೆ ಗುತ್ತಿಗೆದಾರನದು, ಅವನ ಪ್ರತಿನಿಧಿಗೇ ಹೇಳಬೇಕಂತೆ. ಯಾರು ಆ ಪ್ರತಿನಿಧಿ ಎಂದು ಫಿರಾ ಕೇಳಿದಳು. ಗ್ರಾಂಟ್.

ಗೋಮೆಲ್‌ನಲ್ಲಿ ಗುರುತಿನ ಚೀಟಿಯಲ್ಲೇ ಯಹೂದಿ ಎಂದು ಬರೆದಿರುತ್ತಿತ್ತು. ಯಾವ ಗುಮಾಸ್ತ ಬೇಕಾದರೂ ಸಮಿತಿಯ ಗೊಡವೆಯಿಲ್ಲದೆ ಉಗಿಯಬಹುದಿತ್ತು. ಇಲ್ಲಿ ಉಗಿಸಿಕೊಳ್ಳುವುದಕ್ಕೂ ಅರ್ಹತೆ ಬೇಕು ಎಂದುಕೊಂಡು ಮನೆಗೆ ಹೋಗಿ ಕೋಟು ಬಿಚ್ಚಿಟ್ಟಳು.

ಮುಂದಿನ ವಾರ ಅದೇ ಸಮಿತಿಯ ಸಭೆಗೆ ಕಾಫಿ ಕೊಡಲು ಅವಳನ್ನೇ ಕಳಿಸಿದರು. ಇಸ್ರೇಲನ್ನು ಟೀಕಿಸುವುದೂ ದ್ವೇಷವೇ ಎಂದು ಒಬ್ಬ ಪ್ರೊಫೆಸರು, ನಮ್ಮ ಹೆಸರಿನಲ್ಲಿ ಟೀಕಿಸುವವರ ಬಾಯಿ ಮುಚ್ಚಿಸಬೇಡಿ ಎಂದು ಇನ್ನೊಬ್ಬ, ಇಬ್ಬರೂ ಯಹೂದಿಗಳು, ಮೇಜು ಗುದ್ದುತ್ತಿದ್ದರು. ಮುಖ ಎತ್ತದೆಯೇ ಅವಳ ತಟ್ಟೆಯಿಂದ ಬಿಸ್ಕತ್ತು ತೆಗೆದುಕೊಂಡರು.

"ಅಮ್ಮಾ, ಹಾಲು ಮುಗೀತು. ಸ್ವಲ್ಪ ತರ್ತೀರಾ?" ಎಂದರು ಅಧ್ಯಕ್ಷರು.

ಫಿರಾ ಖಾಲಿ ಕುರ್ಚಿ ಎಳೆದು ಕೂತಳು. "ನಾನೂ ಯಹೂದಿ ಸಾರ್. ನನ್ನ ವಿಷ್ಯಾನೇ ಮಾತಾಡ್ತಿದೀರಂತೆ, ಕೂತ್ಕೊಂಡು ಕೇಳ್ತೀನಿ."

ಸದಸ್ಯರಿಗೆ ಮಾತ್ರ ಅವಕಾಶ ಎಂದು ಅವರು ಮೆತ್ತಗೆ ಹೇಳಿದರು. ಅವಳು ಏಳದೆ, ಗ್ರಾಂಟ್ ಒಲೆಯ ಬಗ್ಗೆ ಆಡಿದ್ದನ್ನು ಅವನ ಮಾತಿನಲ್ಲೇ ಹೇಳಿದಳು. ಮೊದಲ ಪ್ರೊಫೆಸರು ತಲೆ ತಗ್ಗಿಸಿದ. ಎರಡನೆಯವನು, ಅದು ತಮಾಷೆಗೆ ಅಂದದ್ದಾ ಎಂದು ಕೇಳಿದ.

ಅಷ್ಟರಲ್ಲಿ ಹಾಲಿನ ಜಗ್ಗು ಹಿಡಿದು ಗ್ರಾಂಟೇ ಬಂದ. ಬಾಗಿಲಲ್ಲೇ ನಿಂತು, "ಏಳೇ ಮೇಲೆ," ಎಂದು ಹಲ್ಲು ಕಚ್ಚಿದ.

ಫಿರಾ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. ಅಧ್ಯಕ್ಷರ ಮುಂದಿದ್ದ ಒಂದು ಖಾಲಿ ಬಟ್ಟಲು ಎಳೆದುಕೊಂಡು ಕಾಫಿ ಬಗ್ಗಿಸಿ, ಅದನ್ನು ಗ್ರಾಂಟ್‌ನ ಕಡೆ ಚಾಚಿದಳು.

"ನಂಗೆ ಸ್ವಲ್ಪ ಹಾಲು ಹಾಕು."

ಗ್ರಾಂಟ್ ಅಧ್ಯಕ್ಷರ ಕಡೆ ನೋಡಿದ. ತುಂಬಿದ ಬಟ್ಟಲಿನಿಂದ ಬಿಸಿ ಕಾಫಿ ಫಿರಾಳ ಮಣಿಕಟ್ಟಿನ ಮೇಲೆ ತುಳುಕಿತು. ಅವಳು ಕೈ ಹಿಂದೆಗೆಯಲಿಲ್ಲ.