ತೆಗೆಯದೆ ಬಿಟ್ಟ ಸಾಲು

"ನಿಮ್ಮನ್ನ ಯಾರು ಕಳ್ಸಿದ್ದು?" ನಿಂಗರಾಜು ಬಾಗಿಲಿಗೆ ಅಡ್ಡವಾಗಿ ನಿಂತೇ ಕೇಳಿದ.

"ಯಾರೂ ಇಲ್ಲ ಸರ್. ಮೂರು ತಿಂಗಳಿಂದ ಮೇಲ್ ಹಾಕ್ತಿರೋ ಚೈತ್ರ ನಾನೇ. ಚಾಮರಾಜನಗರದಿಂದ ಬಂದೆ."

ಕನ್ನಡ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ನಿಂಗರಾಜು ಗುಂಡ್ಲುಪೇಟೆಯ ಈ ಮನೆಯಲ್ಲೇ ಬರೆದಿದ್ದ. ಅದನ್ನು ಲಿನಕ್ಸ್ ಕಂಪ್ಯೂಟರ್‌ಗಳ ಉಚಿತ ತಂತ್ರಾಂಶ ಸಂಗ್ರಹವೊಂದಕ್ಕೆ ಸೇರಿಸಿ ಜನರಿಗೆ ತಲುಪಿಸುವವಳು ಚೈತ್ರ. ಇಬ್ಬರಿಗೂ ಸಂಬಳವಿಲ್ಲದ ಕೆಲಸ. ಈಗ ಅದು ಆತುಕೊಂಡಿದ್ದ ಇನ್ನೊಂದು ಧ್ವನಿ ತಂತ್ರಾಂಶ ಹೊಸ ಆವೃತ್ತಿಗೆ ಬದಲಾಗುತ್ತಿತ್ತು. ಹೊಂದಿಕೊಳ್ಳದವನ್ನೆಲ್ಲ ಸೋಮವಾರ ಸಂಗ್ರಹದಿಂದ ತೆಗೆಯುತ್ತಾರೆ. ಕಣ್ಣು ಕಾಣದ ಎಷ್ಟೋ ಜನರ ಓದು ಅಲ್ಲಿಗೆ ನಿಲ್ಲುತ್ತದೆ. ಚೈತ್ರ ತಾನೇ ತಿದ್ದುಪಡಿ ಬರೆದು ಕಳಿಸಿದ್ದಳು. "ನನ್ನ ಕೋಡ್ ಮುಟ್ಟಬೇಡಿ" ಎಂದಷ್ಟೇ ಉತ್ತರ ಬಂದಿತ್ತು.

"ಯಾವ್ದಾದ್ರೂ ಕಂಪನಿಗೆ ಮಾರಿದ್ರೆ ಹೇಳ್ಬಿಡಿ ಸರ್."

"ಮಾರಿದ್ರೆ ಈ ಹೆಂಚಾದ್ರೂ ಬದಲಾಯ್ಸಿರ್ತಿದ್ದೆ. ಹೋದ್ಸಲ ನಿಮ್ಮೋರೊಬ್ರು ಕೋಡ್ ಕ್ಲೀನ್ ಮಾಡ್ತೀನಿ ಅಂತ ಕೈಯಾಡಿಸಿದ್ರು. ಕೆಡಿಸಿದ್ದು ಅವ್ರು, ಬೈಸ್ಕೊಂಡಿದ್ದು ನಾನು."

"ಅದು ನಾನಲ್ಲ."

"ಎಲ್ರೂ ಹಂಗೇ ಅಂತಾರೆ."

ಒಳಗಿನಿಂದ ಅವನ ತಾಯಿ ಪುಟ್ಟಸಿದ್ದಮ್ಮನ ದನಿ ಬಂತು. "ಯಾಕ್ಲಾ, ಪೋಲೀಸ್ನೋನಂಗೆ ಆಡೀಯೆ? ದಾರಿ ಬುಡು. ಬಾ ಕಣಮ್ಮಿ ಒಳೀಕೆ." ಚೈತ್ರ ಒಳಬಂದಾಗ ಅವರು ಗೋಡೆಯ ಕಡೆಗೆ ಮುಖ ಮಾಡಿ ನಕ್ಕರು.

ನಿಂಗರಾಜು ಲ್ಯಾಪ್‌ಟಾಪ್ ತೆರೆದು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನಂತೆ ಅವಳ ತಿದ್ದುಪಡಿ ಓದತೊಡಗಿದ. ಒಂದೆಡೆ ಬೆರಳು ನಿಂತಿತು. ಅಲ್ಪವಿರಾಮ ಬಂದಲ್ಲೆಲ್ಲ ಎರಡು ಸೆಕೆಂಡ್ ಸುಮ್ಮನಿರಬೇಕೆಂಬ ಅವನ ಹಳೆಯ ಸಾಲು ಹಾಗೆಯೇ ಇತ್ತು. ಅದರ ಮೇಲೆ ಚೈತ್ರ ಬರೆದಿದ್ದಳು: 'ಕಾರಣ ನನಗೆ ತಿಳಿಯದು. ಬರೆದವರಿಗೆ ತಿಳಿದಿರುತ್ತದೆ. ತೆಗೆಯಬೇಡಿ.'

"ಇದನ್ಯಾಕೆ ಉಳಿಸಿದ್ರಿ?"

"ಸುಮ್‌ಸುಮ್ನೆ ಯಾರೂ ಅಷ್ಟೊತ್ತು ನಿಲ್ಸಲ್ಲ ಅನ್ನಿಸ್ತು."

ಅವನು ತಾಯಿಯ ಕಡೆ ತಿರುಗಿದ. "ಕಣ್ಣು ಕಾಣದ ಅವ್ವಂಗೋಸ್ಕರ ಬರೆದಿದ್ದು. ಹೋದ್ಸಲ ನಿಮ್ಮೋರು ತೆಗೆದಿದ್ದು ಇದನ್ನೇ, ನಾನು ಮತ್ತೆ ಸೇರಿಸ್ದೆ."

"ಊಂ ಕಣವ್ವ," ಎಂದರು ಪುಟ್ಟಸಿದ್ದಮ್ಮ. "ಆಗ ಕಂಪ್ಯೂಟ್ರು ನಾಯಿ ಅಟ್ಟಿಸ್ಕಂಡು ಬಂದಂಗೆ ಓದ್ಬುಡ್ತಿತ್ತು. ನಾ ಒಂದು ಮಾತು ನೆಪ್ಪಲ್ಲಿ ಮಡಿಕ್ಕಳಗಂಟ ಅದು ಮೂರು ಮಾತು ದಾಟೋಗದು."

ನಿಂಗರಾಜು ಆಗಲೂ ಚೈತ್ರಳ ಮುಖ ನೋಡಲಿಲ್ಲ. "ಮೊದ್ಲಿಂದ ಇನ್ನೊಂದ್ಸಲ ಓದ್ತೀನಿ. ಮೋಸ ಇಲ್ದಿದ್ರೆ ಇವತ್ತೇ ಬಿಡುಗಡೆ ಮಾಡ್ತೀನಿ. ಇದ್ರೆ ನೀವು ಬಸ್ ಹತ್ತಿ."

"ಆಗ್ಲಿ."

ಪುಟ್ಟಸಿದ್ದಮ್ಮ ಚಾಪೆಯ ಒಂದು ಬದಿಗೆ ಸರಿದು, ತೆರವಾದ ಜಾಗವನ್ನು ಅಂಗೈಯಿಂದ ಮೆಲ್ಲಗೆ ಒರೆಸಿದರು.